ಲೆಕ್ಕ ಒಬ್ಬರದು, ಸಹಿ ಇನ್ನೊಬ್ಬರದು: ಆಮದು ಸುಂಕ ತೀರ್ಮಾನವಾಗುವುದು ಹೇಗೆ?

ವಿದೇಶಿ ಉಕ್ಕಿಗೆ ಸುಂಕದ ತಡೆ ಅನ್ನುವ ಸುದ್ದಿ ಒಂದೇ ವರ್ಷದಲ್ಲಿ ಎಷ್ಟು ಸಲ ಬಂತು ನೋಡಿ. 2024ರ ಡಿಸೆಂಬರ್‌ನಲ್ಲಿ ತನಿಖೆ ಶುರುವಾಯಿತು ಅಂತ ಬಂತು. 2025ರ ಮಾರ್ಚ್‌ನಲ್ಲಿ ಶೇ 12ರಷ್ಟು ಸುಂಕಕ್ಕೆ ಶಿಫಾರಸು. ಏಪ್ರಿಲ್‌ನಲ್ಲಿ ಶೇ 12 ಜಾರಿ. ಆಗಸ್ಟ್‌ನಲ್ಲಿ ಮತ್ತೊಂದು ಶಿಫಾರಸು, ಈ ಸಲ ಮೂರು ವರ್ಷಕ್ಕೆ. ಡಿಸೆಂಬರ್ 30ಕ್ಕೆ ಮತ್ತೆ ಜಾರಿ. ನಡುವೆ ನವೆಂಬರ್‌ನಲ್ಲಿ ಮೊದಲಿನ ಸುಂಕದ ಅವಧಿ ಸದ್ದಿಲ್ಲದೆ ಮುಗಿದೂ ಹೋಗಿತ್ತು. ಹಾಕಿದ್ದನ್ನೇ ಎಷ್ಟು ಸಲ ಹಾಕುತ್ತಾರೆ ಅಂತ ಓದುಗರಿಗೆ ಅನ್ನಿಸಿದರೆ ಅದು ಸಹಜ.

ಈ ಸುದ್ದಿಗಳಲ್ಲಿ ಯಾವುದೂ ಸುಳ್ಳಲ್ಲ. ಶಿಫಾರಸು ಮಾಡಿದ್ದು ಒಂದು ಕಚೇರಿ, ಜಾರಿ ಮಾಡಿದ್ದು ಇನ್ನೊಂದು. ಒಂದು ವಾಣಿಜ್ಯ ಸಚಿವಾಲಯದ ಕೆಳಗಿದೆ, ಇನ್ನೊಂದು ಹಣಕಾಸು ಸಚಿವಾಲಯದಲ್ಲಿದೆ. ಮೊದಲನೆಯದರ ಕೆಲಸ ಲೆಕ್ಕ ಹಾಕುವುದು, ಎರಡನೆಯದರ ಕೆಲಸ ಸಹಿ ಹಾಕುವುದು. ಉಕ್ಕಿನಲ್ಲಿ ಇಬ್ಬರೂ ಕೊನೆಗೆ ಒಂದೇ ಮಾತಿಗೆ ಬಂದರು. ಆದರೆ 2020ರಿಂದ ಈಚೆಗೆ ಎಷ್ಟೋ ಪ್ರಕರಣಗಳಲ್ಲಿ ಹಾಗಾಗಿಲ್ಲ. ತಜ್ಞರು ಒಂದು ವರ್ಷ ಕೂತು ಹಾಕಿದ ಲೆಕ್ಕ ಫೈಲಿನಲ್ಲೇ ಉಳಿಯಿತು. ಯಾಕೆ ಉಳಿಯಿತು ಅಂತ ಹೊರಗಿನವರಿಗೆ ಗೊತ್ತಾಗಲಿಲ್ಲ.

ಲೆಕ್ಕ ಹಾಕುವ ಕಚೇರಿ

ಆ ಕಚೇರಿಯ ಹೆಸರು ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ. ಎಲ್ಲರೂ ಕರೆಯುವುದು ಡಿಜಿಟಿಆರ್ ಅಂತ. 2018ರ ಮೇ ತಿಂಗಳಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು ಆ್ಯಂಟಿ ಡಂಪಿಂಗ್ ತನಿಖೆ (ಹೊರಗಿನವರು ತಮ್ಮ ದೇಶದ ಬೆಲೆಗಿಂತ ಕಡಿಮೆಗೆ ಇಲ್ಲಿ ಮಾರುತ್ತಿದ್ದಾರಾ ಅಂತ ನೋಡುವುದು) ಒಂದು ಕಡೆ, ಸುರಕ್ಷತಾ ಸುಂಕದ ತನಿಖೆ (ಆಮದು ಇದ್ದಕ್ಕಿದ್ದಂತೆ ಏರಿದೆಯಾ ಅಂತ ನೋಡುವುದು) ಇನ್ನೊಂದು ಕಡೆ ನಡೆಯುತ್ತಿತ್ತು. ಅವನ್ನೆಲ್ಲ ಒಂದೇ ಸೂರಿನಡಿ ತಂದರು.

ಇಲ್ಲಿ ಕೆಲಸ ಮಾಡುವವರಲ್ಲಿ ಕಸ್ಟಮ್ಸ್‌ನಿಂದ ಬಂದವರಿದ್ದಾರೆ, ವ್ಯಾಪಾರ ಸೇವೆಯವರಿದ್ದಾರೆ, ಕಾನೂನು ಬಲ್ಲವರಿದ್ದಾರೆ. ಜತೆಗೆ ಕಾಸ್ಟ್ ಅಕೌಂಟೆಂಟ್‌ಗಳು. ಹೆಚ್ಚು ಸುದ್ದಿಯಾಗದ ಈ ಕೊನೆಯವರೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಒಂದು ಕಾರ್ಖಾನೆಯಲ್ಲಿ ಒಂದು ಕಿಲೋ ರಾಸಾಯನಿಕ ತಯಾರಾಗಲು ಎಷ್ಟು ಕರೆಂಟ್, ಎಷ್ಟು ಉಗಿ, ಎಷ್ಟು ಕಚ್ಚಾ ಮಾಲು ಹೋಗಬೇಕು, ನಿಜವಾಗಿ ಎಷ್ಟು ಹೋಯಿತು ಅಂತ ಬಿಲ್ ಹಿಡಿದು ನೋಡುವವರು ಇವರು.

ಕಾನೂನಿನ ಬುಡ ಇರುವುದು 1975ರ ಕಸ್ಟಮ್ಸ್ ಸುಂಕ ಕಾಯ್ದೆಯಲ್ಲಿ. ಆ್ಯಂಟಿ ಡಂಪಿಂಗ್‌ಗೆ ಕಲಂ 9ಎ, ಸುರಕ್ಷತಾ ಸುಂಕಕ್ಕೆ 8ಬಿ. ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಆ್ಯಂಟಿ ಡಂಪಿಂಗ್ ನಿಯಮಗಳು 1995ರವು. ಅದೇ ವರ್ಷ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ ಶುರುವಾಯಿತು. ಮನಸ್ಸಿಗೆ ಬಂದ ಹಾಗೆ ಈ ಸುಂಕ ಹಾಕುವ ಹಾಗಿಲ್ಲ, ತನಿಖೆ ಮಾಡಿ, ಎಲ್ಲರ ಮಾತು ಕೇಳಿ, ಕಾರಣ ಬರೆದು ಹಾಕಬೇಕು ಅಂತ ಸದಸ್ಯ ದೇಶಗಳು ಒಪ್ಪಿಕೊಂಡಿದ್ದವು. ಡಿಜಿಟಿಆರ್‌ನಂಥ ಕಚೇರಿ ಇರುವುದೇ ಆ ಒಪ್ಪಂದದಿಂದಾಗಿ.

ಕಿಲೋಗೆ 25 ರೂಪಾಯಿ ಅಂತ ಬರುವುದು ಎಲ್ಲಿಂದ?

ಕಡಿಮೆ ಬೆಲೆಗೆ ಮಾರುವುದೇ ಡಂಪಿಂಗ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತನ್ನ ಊರಿನಲ್ಲಿ ಮಾರುವುದಕ್ಕಿಂತ ಕಡಿಮೆಗೆ ಹೊರದೇಶಕ್ಕೆ ಮಾರಿದರೆ ಅದು ಡಂಪಿಂಗ್. ಅದೂ ತಾನಾಗಿಯೇ ಅಪರಾಧವಲ್ಲ. ಅದರಿಂದ ಇಲ್ಲಿನ ತಯಾರಕರಿಗೆ ಹಾನಿ ಆಗಿರಬೇಕು. ಆ ಹಾನಿಗೆ ಆಮದೇ ಕಾರಣ ಅಂತಲೂ ತೋರಿಸಬೇಕು.

ಸುಮ್ನೆ ಒಂದು ಉದಾಹರಣೆಗೆ, ಒಂದು ರಾಸಾಯನಿಕ ಅಂದುಕೊಳ್ಳಿ. ವಿದೇಶಿ ಕಂಪನಿ ತನ್ನ ದೇಶದಲ್ಲಿ ಕಾರ್ಖಾನೆ ಬಾಗಿಲಿನಲ್ಲಿ ಕಿಲೋಗೆ 200 ರೂಪಾಯಿಗೆ ಮಾರುತ್ತದೆ. ಭಾರತಕ್ಕೆ ಕಳಿಸುವಾಗ ಅದೇ ಬಾಗಿಲಿನ ಬೆಲೆ 160. ವ್ಯತ್ಯಾಸ 40 ರೂಪಾಯಿ. ಇದು ಡಂಪಿಂಗ್ ಅಂತರ. ಹಡಗಿನ ಬಾಡಿಗೆ, ವಿಮೆ, ಮಾಮೂಲಿ ಕಸ್ಟಮ್ಸ್ ಸುಂಕ ಎಲ್ಲ ಸೇರಿ ಆ ಮಾಲು ಇಲ್ಲಿ ಬಂದು ಬೀಳುವಾಗ 185 ರೂಪಾಯಿ ಆಯಿತು ಅಂತಿಟ್ಟುಕೊಳ್ಳಿ.

ಈಗ ಕಾಸ್ಟ್ ಅಕೌಂಟೆಂಟ್ ಇಲ್ಲಿನ ಕಾರ್ಖಾನೆಯ ಲೆಕ್ಕ ತೆಗೆಯುತ್ತಾರೆ. ಇಲ್ಲಿನವರು ನಷ್ಟವಿಲ್ಲದೆ, ನ್ಯಾಯವಾದ ಲಾಭ ಇಟ್ಟುಕೊಂಡು ಮಾರಬೇಕಾದರೆ ಬೆಲೆ ಎಷ್ಟಿರಬೇಕು? ಕಂಪನಿ ಹೇಳಿದ ಖರ್ಚನ್ನೆಲ್ಲ ಇಲ್ಲಿ ಒಪ್ಪುವುದಿಲ್ಲ. ಕಚ್ಚಾ ಮಾಲು, ಕರೆಂಟ್, ಯಂತ್ರಗಳ ಸಾಮರ್ಥ್ಯ ಇವನ್ನು ಅವರೇ ಹಿಂದೆ ಅತ್ಯಂತ ಚೆನ್ನಾಗಿ ಬಳಸಿದ್ದ ಮಟ್ಟಕ್ಕೆ ತಂದು ನೋಡುತ್ತಾರೆ. ಅವರ ಸೋಮಾರಿತನದ ಖರ್ಚು ಗ್ರಾಹಕರ ತಲೆ ಮೇಲೆ ಬೀಳಬಾರದು ಅನ್ನುವುದು ಇದರ ಉದ್ದೇಶ. ಅದರ ಮೇಲೆ, ಹೂಡಿದ ಬಂಡವಾಳಕ್ಕೆ ಶೇ 22ರಷ್ಟು ಪ್ರತಿಫಲ ಸೇರಿಸುವುದು ರೂಢಿ. ಈ ಶೇ 22 ಜಾಸ್ತಿಯಾಯಿತು ಅಂತ ಆಮದುದಾರರು ವರ್ಷಗಳಿಂದ ತಕರಾರು ತೆಗೆಯುತ್ತಲೇ ಇದ್ದಾರೆ.

ಹೀಗೆ ಬಂದ ಬೆಲೆ 210 ರೂಪಾಯಿ ಅನ್ನಿ. ಬಂದು ಬೀಳುವ ಬೆಲೆ 185. ವ್ಯತ್ಯಾಸ 25. ಇದು ಹಾನಿಯ ಅಂತರ. ಡಂಪಿಂಗ್ ಅಂತರ 40, ಹಾನಿಯ ಅಂತರ 25, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಡಿಜಿಟಿಆರ್ ಶಿಫಾರಸು ಮಾಡುತ್ತದೆ. ಅಂದರೆ ಕಿಲೋಗೆ 25. ಅಮೆರಿಕದಲ್ಲಾದರೆ ಪೂರ್ತಿ ಡಂಪಿಂಗ್ ಅಂತರವೇ ಸುಂಕವಾಗುತ್ತದೆ. ಇಲ್ಲಿ ನಿಯಮದಲ್ಲೇ ಕೈ ಸ್ವಲ್ಪ ಬಿಗಿ ಹಿಡಿದಿದ್ದಾರೆ.

ಮಾಲು ಒಂದೊಂದು ದೇಶದಿಂದ, ಒಂದೊಂದು ದರ್ಜೆಯದು ಬರುತ್ತದೆ. ಅಷ್ಟಕ್ಕೂ ಈ ಲೆಕ್ಕ ಬೇರೆ ಬೇರೆ. ಡಂಪಿಂಗ್ ಅಂತರ ಶೇ 2ಕ್ಕಿಂತ ಕಡಿಮೆ ಇದ್ದರೆ ಪ್ರಕರಣ ಬಿಡಬೇಕು. ಹಾನಿ ತೋರಿಸಲು ಮಾರಾಟ, ಲಾಭ, ಮಾರುಕಟ್ಟೆ ಪಾಲು, ದಾಸ್ತಾನು, ಕೆಲಸಗಾರರ ಸಂಖ್ಯೆ, ಕೂಲಿ ಹೀಗೆ ಹತ್ತಾರು ಅಂಶ ನೋಡಬೇಕು. ಬೇಡಿಕೆಯೇ ಬಿದ್ದು ನಷ್ಟವಾಗಿದ್ದರೆ ಅದನ್ನು ಆಮದಿನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಇದಕ್ಕೆಲ್ಲ ಸಾಮಾನ್ಯವಾಗಿ ಒಂದು ವರ್ಷ ಗಡುವು, ಬೇಕಾದರೆ ಇನ್ನಾರು ತಿಂಗಳು.

ಕೊನೆಗೆ ಹೊರಬರುವ ವರದಿಯನ್ನು ಯಾರು ಬೇಕಾದರೂ ಓದಬಹುದು. ಓದಲು ಕೂತರೆ ಮಾತ್ರ ಎದುರಾಗುವುದು ಸಾಲು ಸಾಲು ನಕ್ಷತ್ರ ಚಿಹ್ನೆ. ಕಂಪನಿಯ ಖರ್ಚು, ಲಾಭ ಗುಟ್ಟಿನ ಮಾಹಿತಿ. ಹಾಗಾಗಿ ಅಂಕಿ ಇರಬೇಕಾದ ಜಾಗದಲ್ಲಿ ಮೂರು ನಕ್ಷತ್ರ, ಪಕ್ಕದಲ್ಲಿ 100, 95, 80 ಅನ್ನುವ ಥರದ ಸೂಚ್ಯಂಕ. ಲಾಭ ಇಳಿದಿದೆ ಅಂತ ಗೊತ್ತಾಗುತ್ತದೆ, ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ.

ಉಕ್ಕಿನ ಲೆಕ್ಕವೇ ಬೇರೆ

ಉಕ್ಕಿಗೆ ಹಾಕಿದ್ದು ಆ್ಯಂಟಿ ಡಂಪಿಂಗ್ ಸುಂಕ ಅಲ್ಲ, ಸುರಕ್ಷತಾ ಸುಂಕ. ಇದರಲ್ಲಿ ಯಾರ ಮೇಲೂ ಮೋಸದ ಆರೋಪ ಇಲ್ಲ. ಆಮದು ಇದ್ದಕ್ಕಿದ್ದಂತೆ ಏರಿ ಇಲ್ಲಿನವರು ಉಸಿರು ತೆಗೆದುಕೊಳ್ಳಲು ಕಷ್ಟಪಡುತ್ತಿದ್ದಾರೆ, ಸ್ವಲ್ಪ ಕಾಲ ತಡೆ ಬೇಕು ಅನ್ನುವುದಷ್ಟೇ ವಾದ. 2024–25ರಲ್ಲಿ ಭಾರತ ಸುಮಾರು 95 ಲಕ್ಷ ಟನ್ ಸಿದ್ಧ ಉಕ್ಕು ಆಮದು ಮಾಡಿಕೊಂಡಿತು. ಒಂಬತ್ತು ವರ್ಷಗಳಲ್ಲೇ ಇದು ಅತಿ ಹೆಚ್ಚು. ಚೀನಾ, ದಕ್ಷಿಣ ಕೊರಿಯಾ, ಜಪಾನ್ ಮೂರೇ ದೇಶಗಳಿಂದ ಬಹುಪಾಲು ಬಂತು. ಭಾರತೀಯ ಉಕ್ಕು ಸಂಘ ಅರ್ಜಿ ಹಾಕಿತು.

ಆಮೇಲೆ ಬಂದ ಸುಂಕದಲ್ಲಿ ವಿಚಿತ್ರ ಅನ್ನಿಸುವ ಮೂರು ಅಂಶಗಳಿದ್ದವು. ಮೂರಕ್ಕೂ ಡಬ್ಲ್ಯುಟಿಒ ನಿಯಮದಲ್ಲೇ ಉತ್ತರ ಇದೆ. ಏಪ್ರಿಲ್ 21ರಂದು ಬಂದ ತಾತ್ಕಾಲಿಕ ಸುಂಕ 200 ದಿನಕ್ಕೆ ಮಾತ್ರ ಇತ್ತು, ಯಾಕೆಂದರೆ ತಾತ್ಕಾಲಿಕ ಸುಂಕಕ್ಕೆ ಅದೇ ಗರಿಷ್ಠ ಮಿತಿ. ಅಂತಿಮ ಸುಂಕ ಶೇ 12, 11.5, 11 ಅಂತ ವರ್ಷ ವರ್ಷ ಇಳಿಯುತ್ತದೆ, ಯಾಕೆಂದರೆ ಒಂದು ವರ್ಷ ಮೀರಿದ ಸುರಕ್ಷತಾ ಸುಂಕ ಹಂತ ಹಂತವಾಗಿ ಸಡಿಲವಾಗಬೇಕು. ಅಭಿವೃದ್ಧಿಶೀಲ ದೇಶಗಳಿಗೆ ವಿನಾಯಿತಿ ಇದ್ದರೂ ಚೀನಾ, ವಿಯೆಟ್ನಾಂನಂಥ ಕೆಲವಕ್ಕೆ ಇಲ್ಲ. ಆಮದಿನಲ್ಲಿ ಶೇ 3ರ ಒಳಗಿನ ಪಾಲು ಇರುವ ಅಭಿವೃದ್ಧಿಶೀಲ ದೇಶವನ್ನು ಬಿಡಬೇಕು ಅನ್ನುವುದು ನಿಯಮ. ಚೀನಾ, ವಿಯೆಟ್ನಾಂ ಆ ಗೆರೆಯ ಒಳಗಿಲ್ಲ.

ಇಷ್ಟು ಸೂಕ್ಷ್ಮವಾಗಿ ನಡೆಯಲು ಹಿಂದಿನ ಪೆಟ್ಟೂ ಒಂದು ಕಾರಣ ಇರಬೇಕು. 2015ರಲ್ಲಿ ಭಾರತ ಹಾಟ್ ರೋಲ್ಡ್ (ಕಾಯಿಸಿ ಹಾಳೆಯಾಗಿ ಲಟ್ಟಿಸಿದ) ಉಕ್ಕಿನ ಮೇಲೆ ಶೇ 20ರಷ್ಟು ಸುರಕ್ಷತಾ ಸುಂಕ ಹಾಕಿತ್ತು. ಜಪಾನ್ ಡಬ್ಲ್ಯುಟಿಒಗೆ ದೂರು ಕೊಟ್ಟಿತು. 2018ರಲ್ಲಿ ಸಮಿತಿ ಬಹುಪಾಲು ಜಪಾನ್ ಪರವಾಗಿ ತೀರ್ಪು ಕೊಟ್ಟಿತು. ಉಕ್ಕಿಗೆ ರಕ್ಷಣೆ ಕೊಟ್ಟದ್ದೇ ತಪ್ಪು ಅಂತ ಸಮಿತಿ ಹೇಳಲಿಲ್ಲ. ಕಾರಣಗಳನ್ನು ಸರಿಯಾಗಿ ಜೋಡಿಸಿಲ್ಲ, ವಿಶ್ಲೇಷಣೆ ಸಾಲದು ಅಂತ ಹೇಳಿತು. ತಜ್ಞರ ವರದಿ ಗಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಭಾರತ ಮೇಲ್ಮನವಿ ಹಾಕಿತು. ಆದರೆ ಅಲ್ಲಿನ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಕೆಲಸವನ್ನೇ ಮಾಡುತ್ತಿಲ್ಲ.

ಇನ್ನು ಆ ನವೆಂಬರ್ ತೆರವಿನ ವಿಚಾರ. ಅಂತಿಮ ಶಿಫಾರಸು ಆಗಸ್ಟ್ ಮಧ್ಯದಲ್ಲೇ ಬಂದಿತ್ತು. ತಾತ್ಕಾಲಿಕ ಸುಂಕ ನವೆಂಬರ್ ಮೊದಲ ವಾರ ಮುಗಿಯಿತು. ಸಹಿ ಬಿದ್ದದ್ದು ಡಿಸೆಂಬರ್ 30ಕ್ಕೆ. ನಡುವಿನ ಏಳೆಂಟು ವಾರ ಉಕ್ಕು ತರಿಸುವವರು ಯಾವ ದರ ಹಿಡಿದು ಆರ್ಡರ್ ಹಾಕಬೇಕು? ಸುಂಕ ಬರುತ್ತದೋ ಇಲ್ಲವೋ ಅನ್ನುವ ಅನಿಶ್ಚಿತತೆಗೂ ಒಂದು ಬೆಲೆ ಇರುತ್ತದೆ, ಅದನ್ನು ಯಾರೋ ಒಬ್ಬರು ತೆರುತ್ತಾರೆ.

ಕರ್ನಾಟಕಕ್ಕೆ ಈ ಪ್ರಕರಣದ ಎರಡೂ ತುದಿ ಗೊತ್ತು. ಒಂದು ತುದಿಯಲ್ಲಿ ಬಳ್ಳಾರಿ ಜಿಲ್ಲೆ ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ. ಇನ್ನೊಂದು ತುದಿಯಲ್ಲಿ ಪೀಣ್ಯದಂಥ ಕಡೆ ಶೀಟ್ ಕತ್ತರಿಸಿ, ಬಗ್ಗಿಸಿ, ಬಿಡಿಭಾಗ ಮಾಡುವ ಸಣ್ಣ ಘಟಕಗಳು. ಸಣ್ಣ ಘಟಕ ವಿದೇಶಿ ಉಕ್ಕನ್ನು ನೇರವಾಗಿ ತರಿಸುವುದು ಕಡಿಮೆ. ಆದರೂ ಬಿಸಿ ತಟ್ಟುತ್ತದೆ. ಹೊರಗಿನ ಉಕ್ಕು ಎಷ್ಟಕ್ಕೆ ಸಿಗುತ್ತದೆ ಅನ್ನುವುದರ ಮೇಲೆ ಇಲ್ಲಿನ ಗಿರಣಿಗಳು ತಮ್ಮ ಬೆಲೆ ಇಡುತ್ತವೆ. ಹೊರಗಿನದು ಶೇ 12 ದುಬಾರಿಯಾದರೆ ಒಳಗಿನದಕ್ಕೂ ಏರಲು ಜಾಗ ಸಿಗುತ್ತದೆ. ಇದಕ್ಕೆ ಒಂದು ಕಡಿವಾಣವನ್ನೂ ಇಟ್ಟಿದ್ದಾರೆ: ಏಪ್ರಿಲ್‌ನ ಅಧಿಸೂಚನೆ ಪ್ರಕಾರ ಹಾಟ್ ರೋಲ್ಡ್ ಕಾಯಿಲ್ ಟನ್ನಿಗೆ 675 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಗೆ ಬಂದರೆ ಈ ಸುಂಕವೇ ಇಲ್ಲ. ಅಂದರೆ ಅಗ್ಗದ ಉಕ್ಕಿಗೆ ಮಾತ್ರ ತಡೆ.

'ಬೇಡ' ಅನ್ನುವ ಅಧಿಕಾರ

ಆ್ಯಂಟಿ ಡಂಪಿಂಗ್ ಪ್ರಕರಣಗಳಲ್ಲಿ ಡಿಜಿಟಿಆರ್ ಅಂತಿಮ ವರದಿ ಕೊಟ್ಟ ಮೇಲೆ ಹಣಕಾಸು ಸಚಿವಾಲಯಕ್ಕೆ ಮೂರು ತಿಂಗಳ ಸಮಯ. ಆ ಒಳಗೆ ಕೇಂದ್ರ ಸರ್ಕಾರ ಸುಂಕ ಹಾಕಬಹುದು. ಹಾಕಲೇಬೇಕು ಅಂತಿಲ್ಲ. ಬಹಳ ವರ್ಷ ಈ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಯಾಕೆಂದರೆ ಶಿಫಾರಸು ಬಂದರೆ ಸುಂಕ ಬಂದ ಹಾಗೇ ಇತ್ತು. 2020ರ ಸುಮಾರಿಗೆ ಗಾಳಿ ಬದಲಾಯಿತು. ಸಾಲು ಸಾಲಾಗಿ ಶಿಫಾರಸುಗಳು ತಿರಸ್ಕಾರವಾದವು, ಇಲ್ಲವೇ ಗಡುವು ಮುಗಿಯುವವರೆಗೆ ಸುಮ್ಮನೆ ಬಿದ್ದಿದ್ದವು.

ಹಣಕಾಸು ಸಚಿವಾಲಯದ ಪರವಾಗಿಯೂ ಹೇಳುವುದು ಬೇಕಾದಷ್ಟಿದೆ. ಅರ್ಜಿ ಹಾಕುವವರು ಸಾಮಾನ್ಯವಾಗಿ ಒಂದೆರಡು ದೊಡ್ಡ ಕಂಪನಿಗಳು, ಅದೂ ಕಚ್ಚಾ ವಸ್ತು ಮಾಡುವವರು. ಆ ವಸ್ತುವನ್ನು ಬಳಸಿ ಇನ್ನೊಂದು ಮಾಡುವವರು ಸಾವಿರಾರು ಜನ, ಚಿಕ್ಕವರು, ಚದುರಿ ಹೋದವರು. ಪಿಟಿಎ ಅನ್ನುವ ರಾಸಾಯನಿಕ ನೋಡಿ. ಅದರಿಂದ ಪಾಲಿಯೆಸ್ಟರ್, ಪಾಲಿಯೆಸ್ಟರ್‌ನಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಸಿದ್ಧ ಉಡುಪು. ದೇಶದಲ್ಲಿ ಪಿಟಿಎ ತಯಾರಿಸುವವರು ಬೆರಳೆಣಿಕೆಯಷ್ಟು. ಕೆಳಗಿನ ಒಂದೊಂದು ಮೆಟ್ಟಿಲಿನಲ್ಲೂ ಕೆಲಸಗಾರರ ಸಂಖ್ಯೆ ಏರುತ್ತಾ ಹೋಗುತ್ತದೆ. ಮೇಲಿನ ಮೆಟ್ಟಿಲಿಗೆ ಸುಂಕ ಹಾಕಿದರೆ ಕೆಳಗಿನ ಎಲ್ಲರ ಖರ್ಚೂ ಏರುತ್ತದೆ, ಬಾಂಗ್ಲಾದೇಶ, ವಿಯೆಟ್ನಾಂ ಜತೆ ಪೈಪೋಟಿ ಕಷ್ಟವಾಗುತ್ತದೆ. ಹಾಗಾಗಿ 2020ರ ಬಜೆಟ್‌ನಲ್ಲಿ ಪಿಟಿಎ ಮೇಲಿದ್ದ ಆ್ಯಂಟಿ ಡಂಪಿಂಗ್ ಸುಂಕವನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ತೆಗೆದರು. 2021ರ ಬಜೆಟ್‌ನಲ್ಲಿ ಕೆಲವು ಉಕ್ಕಿನ ವಸ್ತುಗಳ ಮೇಲಿದ್ದ ಸುಂಕಗಳನ್ನೂ ತೆಗೆದರು. ಸಣ್ಣ ಕೈಗಾರಿಕೆಗಳಿಗೆ ಉಕ್ಕಿನ ಬೆಲೆಯ ಹೊಡೆತ ಬಿದ್ದಿದೆ ಅನ್ನುವುದು ಆಗ ಕೊಟ್ಟ ಕಾರಣ.

ತಯಾರಕರ ವಾದವೂ ಹಗುರವಲ್ಲ. ಅಗ್ಗದ ಆಮದು ಇವತ್ತು ಬಳಕೆದಾರನಿಗೆ ಲಾಭ. ಇಲ್ಲಿನ ಕಾರ್ಖಾನೆ ಮುಚ್ಚಿದ ಮೇಲೆ ಬೆಲೆ ಇಡುವವರು ಯಾರು? ಪೆನಿಸಿಲಿನ್-ಜಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಚೀನಾದ ಬೆಲೆಯ ಮುಂದೆ ನಿಲ್ಲಲಾಗದೆ ಭಾರತದ ಘಟಕಗಳು ಒಂದೊಂದಾಗಿ ನಿಂತವು. ಎಷ್ಟೋ ವರ್ಷಗಳಾದ ಮೇಲೆ, ಔಷಧಕ್ಕೆ ಬೇಕಾದ ಮೂಲ ವಸ್ತುವಿಗೇ ಪರಾವಲಂಬನೆ ಅಂತ ಗಾಬರಿಯಾಗಿ, ಸರ್ಕಾರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಕೊಟ್ಟು ಅದನ್ನು ಮತ್ತೆ ಶುರು ಮಾಡಿಸಬೇಕಾಯಿತು.

ಎರಡೂ ಕಡೆ ನಿಜ ಇರುವಾಗ ಯಾರಾದರೂ ತೂಗಿ ನೋಡಬೇಕು. ಆ ತೂಕ ಚುನಾಯಿತ ಸರ್ಕಾರದ ಕೈಯಲ್ಲಿರುವುದು ಸರಿಯೇ. ಲೆಕ್ಕ ಹಾಕುವವರೇ ಕೊನೆಯ ಮಾತು ಹೇಳಬೇಕು ಅಂತ ಯಾರೂ ಕೇಳುತ್ತಿಲ್ಲ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ.

ಬೇಡ ಅಂದರೆ ಕಾರಣ ಹೇಳಬೇಕಾ?

ಡಿಜಿಟಿಆರ್ 'ಬೇಕು' ಅನ್ನಬೇಕಾದರೆ ಉದ್ದುದ್ದ ವರದಿ ಬರೆಯಬೇಕು. ಎಲ್ಲರನ್ನೂ ಕರೆದು ವಿಚಾರಣೆ ಮಾಡಬೇಕು. ಅಂತಿಮ ವರದಿಗೂ ಮೊದಲು ತಾನು ಗಮನಿಸಿದ ಮುಖ್ಯ ಸಂಗತಿಗಳನ್ನು ಎಲ್ಲರಿಗೂ ಕಳಿಸಿ ಆಕ್ಷೇಪಣೆ ಕೇಳಬೇಕು. ಅದೇ ಹಣಕಾಸು ಸಚಿವಾಲಯ 'ಬೇಡ' ಅನ್ನಲು ಒಂದು ಸಾಲಿನ ಟಿಪ್ಪಣಿ ಸಾಕಾಗುತ್ತಿತ್ತು. ಕೆಲವು ಸಲ ಅದೂ ಇರಲಿಲ್ಲ.

ಕಂಪನಿಗಳು ಸುಂಕ ಮೇಲ್ಮನವಿ ನ್ಯಾಯಮಂಡಳಿ ಸೆಸ್ಟಾಟ್‌ಗೆ ಹೋದವು. 2021ರಲ್ಲಿ ಜುಬಿಲೆಂಟ್ ಇಂಗ್ರೇವಿಯಾ ಪ್ರಕರಣದಲ್ಲಿ ಸೆಸ್ಟಾಟ್ ಹೇಳಿದ್ದು ಸರಳ: ಶಿಫಾರಸು ಒಪ್ಪದಿರುವ ಹಕ್ಕು ಸರ್ಕಾರಕ್ಕಿದೆ, ಆದರೆ ಕಾರಣ ಕೊಡಬೇಕು, ಆ ತೀರ್ಮಾನದ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ. ಸರ್ಕಾರಕ್ಕೆ ಇದು ರುಚಿಸಲಿಲ್ಲ. ಇದು ಶಾಸನ ರಚನೆಯ ಥರದ ಅಧಿಕಾರ, ನ್ಯಾಯಾಲಯದ ತೀರ್ಪಿನಂತೆ ಕಾರಣ ಬರೆಯಬೇಕಿಲ್ಲ ಅನ್ನುವುದು ಅದರ ನಿಲುವು. 2023ರ ಹಣಕಾಸು ಕಾಯ್ದೆಯ ಮೂಲಕ ಕಸ್ಟಮ್ಸ್ ಸುಂಕ ಕಾಯ್ದೆಯ ಸಂಬಂಧಪಟ್ಟ ಕಲಂಗಳಿಗೆ ಒಂದು ವಿವರಣೆ ಸೇರಿತು, ಅದೂ 1995ರಿಂದಲೇ ಜಾರಿ ಅನ್ನುವ ಹಾಗೆ. ಮೇಲ್ಮನವಿಯ ಬಾಗಿಲನ್ನು ಕಿರಿದು ಮಾಡುವ ಪ್ರಯತ್ನ ಅಂತ ಈ ಕ್ಷೇತ್ರದ ವಕೀಲರು ಅದನ್ನು ಓದಿದರು.

ಕಾರಣ ಕೊಡದಿದ್ದರೆ ಏನಾಗುತ್ತದೆ? ಮೊದಲನೆಯದಾಗಿ, ತಜ್ಞರೇ ಏನೂ ಕಲಿಯುವುದಿಲ್ಲ. ಡಿಜಿಟಿಆರ್ ಲೆಕ್ಕದಲ್ಲೇ ತಪ್ಪಿತ್ತೋ, ಲೆಕ್ಕ ಸರಿ ಇದ್ದು ಬಳಕೆದಾರರ ಹಿತ ಮುಖ್ಯವಾಯಿತೋ, ಬೆಲೆ ಏರಿಕೆಯ ಹೆದರಿಕೆಯೋ, ಇನ್ನೊಂದು ದೇಶದ ಜತೆ ಮಾತುಕತೆ ನಡೆಯುತ್ತಿತ್ತೋ? ಯಾವುದು ಅಂತ ಗೊತ್ತಿಲ್ಲದೆ ಮುಂದಿನ ವರದಿಯನ್ನು ತಿದ್ದಿಕೊಳ್ಳುವುದು ಹೇಗೆ? ಸಾರ್ವಜನಿಕ ಹಿತವನ್ನು ತೂಗಬೇಕು ಅಂತ ಭಾರತದ ನಿಯಮದಲ್ಲಿ ಕಡ್ಡಾಯವಿಲ್ಲ. ಇತ್ತೀಚಿನ ವರದಿಗಳಲ್ಲಿ ಅದಕ್ಕೊಂದು ಭಾಗ ಇಡುತ್ತಾರೆ. ಆಮೇಲೆ ಹಣಕಾಸು ಸಚಿವಾಲಯವೂ ಅದನ್ನೇ ಮತ್ತೆ ತೂಗುತ್ತದೆ, ಮುಚ್ಚಿದ ಬಾಗಿಲ ಹಿಂದೆ.

ಎರಡನೆಯದು ಇನ್ನೂ ಗಮನಿಸಬೇಕಾದದ್ದು. ಒಂದು ದಾರಿ ಮುಚ್ಚಿದರೆ ರಕ್ಷಣೆ ಕೇಳುವವರು ಮನೆಗೆ ಹೋಗುವುದಿಲ್ಲ, ಬೇರೆ ದಾರಿ ಹುಡುಕುತ್ತಾರೆ. ಈಚಿನ ವರ್ಷಗಳಲ್ಲಿ ಆ ದಾರಿ ಗುಣಮಟ್ಟ ನಿಯಂತ್ರಣ ಆದೇಶಗಳ ರೂಪದಲ್ಲಿ ಬಂತು. ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ಗುಣಮಟ್ಟದ ಪ್ರಮಾಣಪತ್ರ ಇಲ್ಲದೆ ಮಾಲು ಒಳಗೆ ಬರುವ ಹಾಗಿಲ್ಲ ಅನ್ನುವ ಆದೇಶ ಇದು. ಡಂಪಿಂಗ್ ಲೆಕ್ಕ ಬೇಕಿಲ್ಲ, ಹಾನಿಯ ಲೆಕ್ಕ ಬೇಕಿಲ್ಲ, ಪ್ರಮಾಣಪತ್ರ ತಡವಾದರೆ ಆಮದು ತಾನಾಗಿಯೇ ನಿಲ್ಲುತ್ತದೆ. ಸುಂಕ ತೆಗೆಸಿಕೊಂಡಿದ್ದ ಅದೇ ಪಿಟಿಎ ಮೇಲೂ ಇಂಥ ಆದೇಶ ಬಂತು. ಬಟ್ಟೆ ಉದ್ಯಮದವರು ಮತ್ತೆ ಗೋಳಾಡಿದರು. 2025ರ ನವೆಂಬರ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಮತ್ತು ಪಾಲಿಯೆಸ್ಟರ್ ಸಾಲಿನ 14 ಆದೇಶಗಳನ್ನು ಒಟ್ಟಿಗೆ ವಾಪಸ್ ಪಡೆಯಿತು, ಪಿಟಿಎಯದೂ ಅದರಲ್ಲಿತ್ತು. ಕಿಲೋಗೆ ಇಷ್ಟು ರೂಪಾಯಿ ಅಂತ ಅಳತೆ ಇದ್ದ ಸುಂಕ ಹೋಗಿ, ಅಳತೆಯೇ ಇಲ್ಲದ ತಡೆ ಬಂದು, ಅದೂ ಹೋದ ಕಥೆ ಇದು.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದಲ್ಲಿ ಲೆಕ್ಕದ ಕೆಲಸವನ್ನೇ ಎರಡು ಪಾಲು ಮಾಡಿದ್ದಾರೆ. ಡಂಪಿಂಗ್ ಎಷ್ಟು ಅಂತ ವಾಣಿಜ್ಯ ಇಲಾಖೆ ನೋಡುತ್ತದೆ. ಹಾನಿ ಆಗಿದೆಯಾ ಅಂತ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ನೋಡುತ್ತದೆ. 1916ರಲ್ಲಿ ಹುಟ್ಟಿದ ಸ್ವತಂತ್ರ ಆಯೋಗ ಅದು. ಇಬ್ಬರೂ ಹೌದು ಅಂದರೆ ಸುಂಕ ಬಂದೇ ಬರುತ್ತದೆ, ಮಂತ್ರಿಯ ಮರ್ಜಿಗೆ ಜಾಗವಿಲ್ಲ. ಸುರಕ್ಷತಾ ಸುಂಕದಲ್ಲಿ ಮಾತ್ರ ಅಧ್ಯಕ್ಷರು ತೀರ್ಮಾನಿಸುತ್ತಾರೆ. ಆಯೋಗ ಹೇಳಿದ್ದಕ್ಕಿಂತ ಬೇರೆ ಮಾಡಿದರೆ ಯಾಕೆ ಅಂತ ಕಾಂಗ್ರೆಸ್‌ಗೆ ವರದಿ ಕೊಡಬೇಕು. ಯುರೋಪಿನಲ್ಲಿ ಬಳಕೆದಾರರ, ಗ್ರಾಹಕರ ಹಿತವನ್ನು ತೂಗುವುದೇ ತನಿಖೆಯ ಒಂದು ಭಾಗ, ಆ ತೂಕವೂ ವರದಿಯಲ್ಲಿ ಅಚ್ಚಾಗುತ್ತದೆ.

ಆದರೆ ಇಷ್ಟೆಲ್ಲ ವ್ಯವಸ್ಥೆ ಇರುವ ಅಮೆರಿಕದಲ್ಲೇ 2025ರ ಏಪ್ರಿಲ್‌ನಲ್ಲಿ ಏನಾಯಿತು ಅಂತ ಗೊತ್ತೇ ಇದೆ. ಟ್ರಂಪ್ ಆಡಳಿತ ಆಯೋಗದ ತನಿಖೆಯ ದಾರಿಯನ್ನು ಬಿಟ್ಟು, ತುರ್ತು ಅಧಿಕಾರದ ಕಾಯ್ದೆ ಹಿಡಿದು 'ಪ್ರತಿ ಸುಂಕ' ಘೋಷಿಸಿತು. ಭಾರತಕ್ಕೆ ಶೇ 26 ಬಂದದ್ದು ಹೇಗೆ? ಭಾರತದ ಜತೆಗಿನ ವ್ಯಾಪಾರದಲ್ಲಿ ಅಮೆರಿಕಕ್ಕೆ ಆದ ಕೊರತೆ ಸುಮಾರು 4,570 ಕೋಟಿ ಡಾಲರ್. ಭಾರತದಿಂದ ಅಲ್ಲಿಗೆ ಹೋದ ಸರಕು ಸುಮಾರು 8,740 ಕೋಟಿ ಡಾಲರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇ 52. ಅದರ ಅರ್ಧ 26. ಅಷ್ಟೇ! ಗ್ರೀಕ್ ಅಕ್ಷರಗಳಿದ್ದ ಸೂತ್ರವನ್ನೂ ಪ್ರಕಟಿಸಿದರು. ಅದರಲ್ಲಿದ್ದ ಎರಡು ಗುಣಕಗಳು 4 ಮತ್ತು 0.25. ಗುಣಿಸಿದರೆ 1. ಅಂದರೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಭಾರತ ಯಾವ ವಸ್ತುವಿಗೆ ಎಷ್ಟು ಸುಂಕ ಹಾಕುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ರೇಷ್ಮೆ, ಅಡಿಕೆ ಮತ್ತು ತನಿಖೆ ಬೇಡದ ದಾರಿಗಳು

ನಮ್ಮಲ್ಲೂ ಇಂಥ ಅಡ್ಡದಾರಿ ಇಲ್ಲದಿಲ್ಲ, ಅಷ್ಟು ರಂಪದ್ದಲ್ಲ ಅಷ್ಟೇ. ಆ್ಯಂಟಿ ಡಂಪಿಂಗ್ ಸುಂಕಕ್ಕೆ ತನಿಖೆ ಬೇಕು. ಮಾಮೂಲಿ ಕಸ್ಟಮ್ಸ್ ಸುಂಕ ಏರಿಸಲು, ಇಳಿಸಲು ಬಜೆಟ್‌ನ ಒಂದು ಸಾಲು ಸಾಕು.

ರಾಮನಗರ, ಶಿಡ್ಲಘಟ್ಟದ ರೇಷ್ಮೆಯವರಿಗೆ ಇದು ಚೆನ್ನಾಗಿ ಗೊತ್ತು. ಚೀನಾದ ಕಚ್ಚಾ ರೇಷ್ಮೆ ಮೇಲೆ 2003ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಂದಿತ್ತು, ತನಿಖೆ ನಡೆದೇ ಬಂದದ್ದು. ಆದರೆ 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಕಸ್ಟಮ್ಸ್ ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಮತ್ತೆ ಶೇ 15 ಆಯಿತು. ಇಳಿಸಿದ್ದಕ್ಕೂ ಒಂದು ಕಾರಣ ಇತ್ತು. ಪವರ್‌ಲೂಮ್‌ನಲ್ಲಿ ಹಾಸು, ಅಂದರೆ ಉದ್ದದ ಎಳೆಗೆ ಹಾಕುವ ನೂಲು ಒಂದೇ ಸಮ ಇರಬೇಕು, ಎಳೆತ ತಡೆಯಬೇಕು. ಚೀನಾದ ದ್ವಿತಳಿ ರೇಷ್ಮೆ ಅದಕ್ಕೆ ಒಗ್ಗುತ್ತಿತ್ತು. ನಮ್ಮ ಮಿಶ್ರತಳಿ ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ ಹೋಗುತ್ತಿತ್ತು. ಬೆಳೆಗಾರನಿಗೂ ನೇಕಾರನಿಗೂ ಬೇಕಾದದ್ದು ಬೇರೆ ಬೇರೆ, ಇಬ್ಬರೂ ಇದೇ ರಾಜ್ಯದವರು. ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಬಂದರೆ ಗೂಡಿನ ಬೆಲೆ ಎಲ್ಲಿಗೆ ಇಳಿಯಬಹುದು ಅಂತ ಸಾರ್ವಜನಿಕವಾಗಿ ಲೆಕ್ಕ ಹಾಕಿ ತೋರಿಸಬೇಕು ಅನ್ನುವ ಕಟ್ಟುಪಾಡು ಇಲ್ಲಿ ಯಾರಿಗೂ ಇಲ್ಲ.

ಅಡಿಕೆಯ ದಾರಿ ಇನ್ನೊಂದು. ಅಲ್ಲಿರುವುದು ಕನಿಷ್ಠ ಆಮದು ದರ, ಹೊರಡಿಸುವುದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿ ಇದ್ದದ್ದನ್ನು 351 ಮಾಡಿದರು. ಆ ದರಕ್ಕಿಂತ ಕಡಿಮೆಗೆ ತಂದರೆ ಆಮದು ನಿಷೇಧ. ಮಲೆನಾಡು, ಕರಾವಳಿಯಲ್ಲಿ ಸ್ವಾಗತ ಸಿಕ್ಕಿತು. ಆದರೆ ಅದೇ ಅಡಿಕೆಯನ್ನು ಹುರಿದರೆ ಸುಂಕದ ಪಟ್ಟಿಯಲ್ಲಿ ಅದು ಬೇರೆ ಅಧ್ಯಾಯಕ್ಕೆ ಹೋಗುತ್ತದೆ, ಹಸಿ-ಒಣ ಅಡಿಕೆಯ ದರದ ಕಟ್ಟು ಅದಕ್ಕೆ ತಗಲುವುದಿಲ್ಲ. ನಿಜವಾಗಿ ಹುರಿದದ್ದಾ, ಸುಮ್ನೆ ಬಿಸಿ ಮುಟ್ಟಿಸಿದ್ದಾ ಅನ್ನುವುದು ವರ್ಗೀಕರಣದ ಜಗಳವಾಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351ರ ಮಿತಿ ತಂದರು. ನಡುವೆ ಎರಡು ವರ್ಷ ಹೋಗಿತ್ತು. ದರ ಎಷ್ಟಿರಬೇಕು ಅಂತ ಯೋಚಿಸುವಾಗಲೇ ಸುಂಕದ ಪಟ್ಟಿಯ ಇಂಥ ಸಂದುಗೊಂದು ಬಲ್ಲ ಕಸ್ಟಮ್ಸ್‌ನವರನ್ನು ಕೂರಿಸಿಕೊಂಡಿದ್ದರೆ ಈ ಬಿಲ ಆಗಲೇ ಕಾಣುತ್ತಿತ್ತಲ್ವಾ?

ಮುಂದೆ ಏನು?

ಉಕ್ಕಿನ ಸುಂಕ 2025ರ ಏಪ್ರಿಲ್‌ನಿಂದ ಲೆಕ್ಕ ಹಿಡಿದು ಮೂರು ವರ್ಷ, ಅಂದರೆ 2028ರ ಏಪ್ರಿಲ್‌ವರೆಗೆ ನಡೆಯಬೇಕು. ಅಷ್ಟರಲ್ಲಿ ಆಮದು ಇಳಿಯಿತಾ, ಗಿರಣಿಗಳು ಬೆಲೆ ಏರಿಸಿದವಾ ಅನ್ನುವ ಎರಡು ಪ್ರಶ್ನೆ ಎದ್ದೇ ಏಳುತ್ತವೆ. ಮುಂದುವರಿಸಿ ಅಂತ ಅರ್ಜಿ ಬಂದರೆ ಮತ್ತೆ ತನಿಖೆ, ಮತ್ತೆ ಶಿಫಾರಸು, ಮತ್ತೆ ಸಹಿಗೆ ಕಾಯುವುದು.

ತಿರಸ್ಕಾರಕ್ಕೆ ಕಾರಣ ಬರೆಯಬೇಕು ಅಂತ ನಿಯಮಕ್ಕೆ ಒಂದು ಸಾಲು ಸೇರಿಸಲು ದೊಡ್ಡ ಖರ್ಚೇನೂ ಇಲ್ಲ. ಸರ್ಕಾರ ಸದ್ಯಕ್ಕೆ ಆ ಮನಸ್ಸು ಮಾಡುವ ಲಕ್ಷಣ ಕಾಣುವುದಿಲ್ಲ, 2023ರ ತಿದ್ದುಪಡಿ ತಿರುಗಿದ್ದು ಉಲ್ಟಾ ದಿಕ್ಕಿಗೆ.

ಅಲ್ಲಿಯವರೆಗೆ ಬಳಕೆದಾರರ ಕೈಯಲ್ಲಿರುವ ಒಂದು ಸಾಧನ ಬಹಳ ಜನರಿಗೆ ಗೊತ್ತೇ ಇಲ್ಲ. ಯಾವುದೇ ವಸ್ತುವಿನ ಮೇಲೆ ತನಿಖೆ ಶುರುವಾದರೆ ಡಿಜಿಟಿಆರ್ ಪ್ರಕಟಣೆ ಹೊರಡಿಸುತ್ತದೆ. ಉತ್ತರ ಕೊಡಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಆ ವಸ್ತು ಬಳಸುವ ಘಟಕಗಳೂ, ಅವುಗಳ ಸಂಘಗಳೂ ಪಕ್ಷಗಾರರಾಗಿ ಹೆಸರು ದಾಖಲಿಸಬಹುದು. ಸುಂಕ ಬಂದರೆ ತಮ್ಮ ಮಾಲಿನ ಬೆಲೆ ಎಷ್ಟು ಏರುತ್ತದೆ ಅಂತ ಹೇಳಲು ಆರ್ಥಿಕ ಹಿತಾಸಕ್ತಿ ಪ್ರಶ್ನಾವಳಿ ಅಂತಲೇ ಒಂದು ನಮೂನೆ ಇದೆ. ಅದನ್ನು ತುಂಬಿ ಕೊಡುವವರಲ್ಲಿ ದೊಡ್ಡವರೇ ಜಾಸ್ತಿ. ಸಣ್ಣ ಘಟಕ ಒಂಟಿಯಾಗಿ ದೆಹಲಿ ವಕೀಲರ ಫೀಸು ಭರಿಸುವುದು ಆಗದ ಮಾತು. ಜಿಲ್ಲೆಯ ಕೈಗಾರಿಕಾ ಸಂಘವೋ, ನೇಕಾರರ ಸಂಘವೋ ಹತ್ತಿಪ್ಪತ್ತು ಸದಸ್ಯರ ಖರೀದಿ ಬಿಲ್ ಒಟ್ಟುಗೂಡಿಸಿ ಆ ನಮೂನೆ ತುಂಬಿದರೆ, ಅದನ್ನು ಪರಿಗಣಿಸಿದೆವು ಇಲ್ಲವೇ ಈ ಕಾರಣಕ್ಕೆ ಒಪ್ಪಲಿಲ್ಲ ಅಂತ ಡಿಜಿಟಿಆರ್ ತನ್ನ ವರದಿಯಲ್ಲಿ ಬರೆಯಬೇಕಾಗುತ್ತದೆ.